ಕಮಟು, ಕಮರು, ಮುಗ್ಗಲು

ತಾತನ ಕ್ಷೌರದ ಕತ್ತಿ ನನ್ನ ಕೈಗೆ ಬಂದದ್ದು ಹೋದ ಮಳೆಗಾಲದಲ್ಲಿ, ಊರಿನ ಮನೆಯ ಅಟ್ಟ ಖಾಲಿ ಮಾಡುವಾಗ. ಕೊಂಬಿನ ಹಿಡಿಯದು. ಅದರ ವಾಸನೆಯ ಜೊತೆ ಮೂರು ತಿಂಗಳು ಗುದ್ದಾಡಿ ಸೋತು ದೊಡ್ಡಪ್ಪನ ಮನೆಗೆ ಹೋದೆ. ದೊಡ್ಡಪ್ಪ ಅರಸೀಕೆರೆಯಲ್ಲಿ ನಲವತ್ತು ವರ್ಷ ಅಂಗಡಿ ನಡೆಸಿ, ಈಗ ಅದನ್ನು ಮಗನಿಗೆ ಬಿಟ್ಟು, ಹಳೆಯ ಕತ್ತಿಗಳಿಗೆ ಸಾಣೆ ಹಿಡಿಯುತ್ತಾ ಜಗಲಿಯಲ್ಲಿ ಕೂತಿರುವವರು. ನಾನು ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ಅವತ್ತು ನಡೆದ ಮಾತನ್ನು ನೆನಪಿದ್ದಷ್ಟು ಬರೆದಿದ್ದೇನೆ.

— ಮೂಸಿ ನೋಡಿ ದೊಡ್ಡಪ್ಪ.

— ಮೊದಲು ಕನ್ನಡಕ ಕೊಡು, ಆಮೇಲೆ ಕತ್ತಿ ಕೊಡು.

— ಮೂಸೋಕೆ ಕನ್ನಡಕ ಯಾಕೆ?

— ಅಲಗು ತೆರೆದಿದ್ರೆ ಮೂಗು ಹೋಗುತ್ತಲ್ಲಮ್ಮ, ಅದಕ್ಕೆ. ಹ್ಞೂಂ. ನೀನೇ ಹೇಳು, ಏನು ವಾಸನೆ ಇದು?

— ಕೆಟ್ಟ ವಾಸನೆ.

— ಅದು ಬೈಗುಳ ಆಯ್ತು. ಹೆಸರು ಹೇಳು.

— ವಾಸನೆಗೆ ಎಂಥ ಹೆಸರು?

— ಹಳೇ ಕಡಲೇಕಾಯಿ ಎಣ್ಣೆ ಡಬ್ಬಿ ಮುಚ್ಚಳ ತೆಗೆದಾಗ ನಿಮ್ಮಮ್ಮ ಏನಂತಾಳೆ?

— ಕಮಟು.

— ಮಳೆಗಾಲದಲ್ಲಿ ಅರೆ ಒಣಗಿದ ಬಟ್ಟೆ ಮಡಿಸಿಟ್ಟರೆ?

— ಮುಗ್ಗಲು.

— ಒಲೆ ಮುಂದೆ ಬಗ್ಗಿ ಮುಂಗೂದಲು ಸೀದರೆ?

— ಕಮರು.

— ಎಲ್ಲಾ ಗೊತ್ತಿದೆಯಲ್ಲ! ಈಗ ಕಣ್ಣು ಮುಚ್ಚಿಕೊ. ಕತ್ತಿ ನಾನು ಹಿಡಿದಿರ್ತೀನಿ, ಹೆದರಬೇಡ. ಇದು ಅಲಗು ತಿರುಗೋ ಕೀಲು. ಇಲ್ಲೇನು?

— ಕಮಟು. ಹಳೇ ಎಣ್ಣೆ.

— ಇದು ಇನ್ನೊಂದು ತುದಿ. ಎರಡು ಪಟ್ಟಿ ನಡುವೆ ಬೆಣೆ ಕೂರಿಸಿರೋ ಸಂದು.

— ಮುಗ್ಗಲು. ಒದ್ದೆ ಗೋಡೆ ಥರ.

— ಇದು ನಡುಮಧ್ಯ. ಬರೀ ಕೊಂಬು.

— ಇಲ್ಲಿ... ಕಮರು. ಆದರೆ ಇದನ್ನ ಯಾರೂ ಸುಟ್ಟಿಲ್ಲವಲ್ಲ ದೊಡ್ಡಪ್ಪ!

— ನೀನೇ ಸುಟ್ಟಿದೀಯ. ಉಪ್ಪುಕಾಗದ ಹಾಕಿ ಗಸಗಸ ಉಜ್ಜಿದೀಯಲ್ಲ, ಗೀರು ಕಾಣ್ತಿದೆ. ಉಜ್ಜಿದ ಕಾವಿಗೇ ಕೊಂಬು ಕಮರುತ್ತೆ. ಇನ್ನೂ ಏನೇನು ಮಾಡಿದೆ, ಎಲ್ಲಾ ಹೇಳಿಬಿಡು. ಡಾಕ್ಟರ ಹತ್ರ, ಕ್ಷೌರದವನ ಹತ್ರ ಸುಳ್ಳು ಹೇಳಬಾರದು.

— ಬಿಸಿನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ರಾತ್ರಿಯೆಲ್ಲ ನೆನೆಸಿಟ್ಟೆ. ಬೆಳಿಗ್ಗೆ ವಾಸನೆ ಎರಡರಷ್ಟಾಗಿತ್ತು. ಬಿಸಿಲಲ್ಲಿ ಇಟ್ಟೆ, ಒಂದು ಪಟ್ಟಿ ಸ್ವಲ್ಪ ಬಾಗಿತು. ಆಮೇಲೆ ಉಪ್ಪುಕಾಗದ. ಆಮೇಲೆ ಗಂಧದ ಎಣ್ಣೆ ಹಚ್ಚಿದೆ.

— ಶವದ ಮುಂದೆ ಊದುಬತ್ತಿ ಹಚ್ಚಿದ ಹಾಗೆ.

— ಹಾಗೇ ಆಯ್ತು. ಕೊನೆಗೆ ಬ್ಲೀಚ್ ಹಾಕೋಣ ಅಂತಿದ್ದೆ. ಅಷ್ಟರಲ್ಲಿ ಅಮ್ಮ, ‘ದೊಡ್ಡಪ್ಪನ ಹತ್ರ ಒಯ್ಯಿ, ಇಲ್ಲಾಂದ್ರೆ ತಿಪ್ಪೆಗೆ ಎಸೀತೀನಿ’ ಅಂದ್ರು.

— ನಿಮ್ಮಮ್ಮನಿಂದ ಒಂದು ಜೀವ ಉಳೀತು. ಬಚ್ಚಲ ತೂಬಿನಲ್ಲಿ ಕೂದಲು ಕಟ್ಟಿಕೊಂಡ್ರೆ ಏನು ಹಾಕ್ತೀರಿ?

— ಕಾಸ್ಟಿಕ್ ಸೋಡಾ ಇರೋ ಪುಡಿ.

— ಕೂದಲು ಏನಾಗುತ್ತೆ?

— ಕರಗಿಹೋಗುತ್ತೆ. ಓ.

— ಏನು ‘ಓ’?

ಇಲ್ಲಿ ನಾನು ಸ್ವಲ್ಪ ನಾಚಿಕೊಂಡದ್ದು ನಿಜ. ವರ್ಷಕ್ಕೆ ಎರಡು ಸೆಕ್ಷನ್ನಿಗೆ ಪ್ರೋಟೀನಿನ ಪಾಠ ಮಾಡುತ್ತೇನೆ. ಕೂದಲು, ಉಗುರು, ಗೊರಸು, ಕೊಂಬು, ಎಲ್ಲವೂ ಕೆರಟಿನ್ ಎಂದು ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ಆದರೆ ಕೈಯಲ್ಲೇ ಕೊಂಬು ಹಿಡಿದುಕೊಂಡು ಬ್ಲೀಚಿನ ಬಾಟಲಿ ಹುಡುಕುವಾಗ ಆ ಹಲಗೆ ನೆನಪಾಗಲಿಲ್ಲ.

— ಕೊಂಬೂ ಕೂದಲೂ ಒಂದೇ ವಸ್ತು ದೊಡ್ಡಪ್ಪ. ಅದರಲ್ಲಿ ಸಿಸ್ಟೀನ್ ಅಂತ ಒಂದು ಅಮೈನೋ ಆಮ್ಲ ಇರುತ್ತೆ, ಅದರೊಳಗೆ ಗಂಧಕ. ಒಂದು ಎಳೆಯ ಗಂಧಕ ಪಕ್ಕದ ಎಳೆಯ ಗಂಧಕದ ಕೈ ಹಿಡಿದುಕೊಂಡಿರೋದ್ರಿಂದಲೇ ಕೊಂಬು ಗಟ್ಟಿ. ಸುಟ್ಟಾಗ ಬರೋ ಕಮರು ವಾಸನೆಯಲ್ಲಿ ಆ ಗಂಧಕದ ಪಾಲು ದೊಡ್ಡದು. ಕಾಸ್ಟಿಕ್ ಸೋಡಾ, ಬ್ಲೀಚು, ಎರಡೂ ಆ ಹಿಡಿತ ಬಿಡಿಸಿ ಕೊಂಬನ್ನೇ ತಿಂದುಬಿಡ್ತವೆ.

— ಅಷ್ಟೆಲ್ಲ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ: ಗಡ್ಡಕ್ಕೆ ಮೊದಲು ಬಿಸಿನೀರು ಹಾಕಿ, ಸೋಪು ತಿಕ್ಕಿ, ನಾಲ್ಕು ನಿಮಿಷ ಬಿಡ್ತೀವಿ. ಯಾಕೆ?

— ಮೆತ್ತಗಾಗಲಿ ಅಂತ.

— ಹಿಡಿಯೂ ಅದೇ, ಗಡ್ಡವೂ ಅದೇ ಅಂತ ನೀನೇ ಹೇಳಿದೆ. ಗಿರಾಕಿ ಗಡ್ಡಕ್ಕೆ ನಾಲ್ಕು ನಿಮಿಷ ಸಾಕು. ನೀನು ಹಿಡಿಗೆ ರಾತ್ರಿಯೆಲ್ಲ ಅದೇ ಮರ್ಯಾದೆ ಮಾಡಿದೀಯ. ಅದು ನೀರು ಕುಡಿದು ಉಬ್ಬಿ, ಬಿಸಿಲಿಗೆ ಬಾಗಿ, ಒಳಗೆ ಇದ್ದದ್ದನ್ನೆಲ್ಲ ಉಗುಳ್ತಿದೆ. ಒಣಗಿದ ನಾಯಿ ನಾತ ಬರುತ್ತಾ? ನೆಂದ ನಾಯಿ ನೋಡು.

— ಹಾಗಾದ್ರೆ ಕೊಂಬಿಗೆ ಸ್ವಂತ ವಾಸನೆ ಇಲ್ಲವಾ?

— ಇದೆ, ನಾಯಿಗೆ ಗೊತ್ತಾಗುವಷ್ಟು. ನಮ್ಮ ಮೋತಿ ಎರಡು ಸಲ ನನ್ನ ಕತ್ತಿ ಹಿಡಿ ಕಚ್ಚಿಕೊಂಡು ಓಡಿದಾನೆ. ಮನುಷ್ಯನ ಮೂಗಿಗೆ, ಒಣಗಿದ ಶುಚಿಯಾದ ಕೊಂಬಿನಿಂದ ಹೆಚ್ಚುಕಮ್ಮಿ ಏನೂ ಬರಲ್ಲ. ಬಂತು ಅಂದ್ರೆ ಅದಕ್ಕೆ ಏನೋ ಆಗ್ತಿದೆ, ಇಲ್ಲಾ ಏನೋ ಹತ್ತಿಕೊಂಡಿದೆ. ವಾಸನೆ ಓಡಿಸ್ತೀನಿ ಅಂತ ಹೊರಡಬಾರದು. ಅದು ಯಾರ ಮನೆಯಿಂದ ಬರ್ತಿದೆ ಅಂತ ಕೇಳಬೇಕು.

— ಕೊಂಬು ನಿಮಗೆ ಅಷ್ಟು ಹೇಗೆ ಗೊತ್ತು? ನೀವು ಅಂಗಡಿಗೆ ಬರೋ ಹೊತ್ತಿಗೆ ಪ್ಲಾಸ್ಟಿಕ್ ಬಂದಿರಬೇಕಲ್ಲ.

— ಕತ್ತಿಯಿಂದ ಗೊತ್ತಾದದ್ದಲ್ಲಮ್ಮ, ಎತ್ತಿನಿಂದ. ನಿಮ್ಮ ತಾತನಿಗೆ ಊರಲ್ಲಿ ವರ್ಷಕ್ಕಿಷ್ಟು ರಾಗಿ, ಇಷ್ಟು ಹುರುಳಿ ಅಂತ ಆಯ ಬರೋದು. ಕಣದ ಕಾಲದಲ್ಲಿ ಅದನ್ನ ತರೋಕೆ ಅಪ್ಪನ ಜೊತೆ ನಾನೂ ಹೋಗ್ತಿದ್ದೆ. ಸಂಕ್ರಾಂತಿ ಮುಂಚೆ ಹೋದ್ರೆ ಒಂದಲ್ಲ ಒಂದು ಮನೆ ಮುಂದೆ ಎತ್ತಿನ ಕೊಂಬು ಹೆರೀತಾ ಇರೋರು. ಎತ್ತನ್ನ ಕೆಡವಿ ಕಾಲು ಕಟ್ಟಿ, ಒಬ್ಬ ತಲೆ ಒತ್ತಿ ಹಿಡಿದು, ಇನ್ನೊಬ್ಬ ಹೆರೆಯೋದು. ಹಲ್ಲಿಕಾರ್ ಎತ್ತಿನ ಕೊಂಬು ನೋಡಿದೀಯಲ್ಲ, ಹಿಂದಕ್ಕೆ ಬಾಗಿ ಚೂಪಾಗಿ. ಮೇಲಿನ ಒರಟು ಪದರ ಸುರುಳಿ ಸುರುಳಿಯಾಗಿ ಬೀಳೋದು. ಆ ಹೆರೆಯಿಂದ ಬರ್ತಿತ್ತು ನೋಡು ವಾಸನೆ, ಸ್ವಲ್ಪ ಕಮರು, ಸ್ವಲ್ಪ ಕೊಟ್ಟಿಗೆ. ಹೆರೆದ ಮೇಲೆ ಗಾಜಿನ ಚೂರಲ್ಲಿ ನುಣ್ಣಗೆ ಮಾಡಿ ಹರಳೆಣ್ಣೆ ಹಚ್ಚೋರು. ತುದಿಗೆ ಹಿತ್ತಾಳೆ ಕೋಡಣಸು. ಅಪ್ಪ ನಿಂತು ನೋಡಿ ನಗೋರು, ‘ಅವರೂ ಹೆರೀತಾರೆ, ನಾನೂ ಹೆರೀತೀನಿ. ಅವರ ಗಿರಾಕಿ ಒದೀತಾನೆ, ನನ್ನ ಗಿರಾಕಿ ಸಾಲ ಹೇಳ್ತಾನೆ’ ಅಂತ.

— ಹೆರೆದ ವಾಸನೆ ಎಷ್ಟು ದಿನ ಇರ್ತಿತ್ತು?

— ಮಾರನೇ ದಿನ ಹೋದ್ರೆ ಇರ್ತಿರಲಿಲ್ಲ. ಅದಕ್ಕೇ ಹೇಳ್ತೀನಿ, ನೀನು ಉಪ್ಪುಕಾಗದದಿಂದ ಎಬ್ಬಿಸಿದ ಕಮರಿಗೆ ಮದ್ದು ಬೇಡ. ಗಾಳಿಯಲ್ಲಿ ನಾಲ್ಕು ದಿನ ಬಿಡು, ಅದೇ ಹೋಗುತ್ತೆ. ಮೇಲೆ ಮತ್ತೆ ನುಣುಪು ಕೊಟ್ರೆ ಪೂರ್ತಿ ಮುಚ್ಚಿಹೋಗುತ್ತೆ. ಒರಟಾಗಿ ಬಿಟ್ಟರೆ ಬೆವರು, ಸೋಪು, ಎಲ್ಲಾ ಹಿಡಿದುಕೊಳ್ಳುತ್ತೆ.

— ಇದು ಎತ್ತಿನ ಕೊಂಬಾ?

— ಕೋಣದ್ದೋ ಎಮ್ಮೆಯದೋ ಇರಬೇಕು. ಹೀಗೆ ಬೆಳಕಿಗೆ ಹಿಡಿ. ನಡುವೆ ಪೂರ್ತಿ ಕಪ್ಪು, ಅಂಚು ತೆಳುವಾದ ಕಡೆ ಕೆಂಪುಗಂದು ಕಾಣುತ್ತಲ್ಲ? ಸಣ್ಣ ಗೆರೆಗಳೂ ಇವೆ. ಅಲಗಿನ ಬುಡದಲ್ಲಿ ಏನೋ ಬರೆದಿದೆ, ಓದು.

— ಸೊಲಿಂಗೆನ್, ಜರ್ಮನಿ.

— ಜರ್ಮನಿ ಕತ್ತಿ! ಅಪ್ಪ ಯಾವಾಗಲೂ ಇಂಗ್ಲೆಂಡಿನದು ಅನ್ನೋರು.

— ಆ ಗೊಂದಲ ಆಗಲೇ ಇತ್ತಂತೆ ದೊಡ್ಡಪ್ಪ. ಬೇರೆ ದೇಶದ ಮಾಲು ಶೆಫೀಲ್ಡಿನದು ಅನ್ನೋ ವೇಷದಲ್ಲಿ ಬರಬಾರದು ಅಂತಲೇ ಬ್ರಿಟನ್ನಿನವರು 1887ರಲ್ಲಿ ಒಂದು ಕಾನೂನು ಮಾಡಿದ್ರು. ‘ಮೇಡ್ ಇನ್ ಜರ್ಮನಿ’ ಅನ್ನೋ ಮುದ್ರೆ ಹುಟ್ಟಿದ್ದು ಹಾಗೆ. ಅವಮಾನಕ್ಕೆ ಅಂತ ಹೊಡೆಸಿದ ಮುದ್ರೆ ಆಮೇಲೆ ಅವರಿಗೇ ಕಿರೀಟವಾಯ್ತು.

— ಮುಂಚೆ ಬಂದ ಕಿವಿಗಿಂತ ಆಮೇಲೆ ಬಂದ ಕೋಡು ಹೆಚ್ಚು ಅಂತಾರಲ್ಲ, ಹಾಗೆ.

— ಕೋಡೂ ನಮ್ಮಲ್ಲಿಂದ ಹೋದದ್ದೇ ಇರಬಹುದು. ಶೆಫೀಲ್ಡಿನ ಚಾಕು, ಕತ್ತಿಗಳ ಹಿಡಿಗೆ ಹಿಂದೂಸ್ತಾನದ ಎಮ್ಮೆ ಕೊಂಬು ಹಡಗಿನಲ್ಲಿ ಹೋಗ್ತಿತ್ತು. ಅಲ್ಲಿ ಕೊಂಬನ್ನ ಕಾಯಿಸಿ ಅಚ್ಚಿನಲ್ಲಿ ಒತ್ತೋದೇ ಒಂದು ಬೇರೆ ಕಸುಬಾಗಿತ್ತು.

— ಕಾಯಿಸಿದ್ರೆ ಬಗ್ಗುತ್ತೆ, ಅದಕ್ಕೇ. ಕೊಂಬಿನ ಬುಡ ಟೊಳ್ಳು, ಒಳಗೆ ಮೂಳೆ ಇರುತ್ತೆ, ಮೇಲೆ ಟೋಪಿ ಹಾಕಿದ ಹಾಗೆ ಕೊಂಬು. ತುದಿ ಮಾತ್ರ ಗಟ್ಟಿ. ಬುಡದ ಭಾಗ ಸೀಳಿ, ನೀರಲ್ಲಿ ಕುದಿಸಿ, ಚಪ್ಪಟೆ ಒತ್ತಿದ್ರೆ ಪಟ್ಟಿ ಸಿಗುತ್ತೆ. ಆದರೆ ಕೊಂಬಿನಿಂದ ಮೂಳೆ ಬಿಡಿಸಬೇಕಲ್ಲ, ಅಲ್ಲಿದೆ ನೋಡು ನಿಜವಾದ ನಾತ. ವಾರಗಟ್ಟಲೆ ನೀರಲ್ಲಿ ಕೊಳೆಹಾಕ್ತಾರೆ, ನಡುವಿನ ಪೊರೆ ಕೊಳೆತ ಮೇಲೆ ಕೊಂಬು ಜಾರಿ ಬರುತ್ತೆ. ಉತ್ತರ ಪ್ರದೇಶದ ಸಂಭಲ್‌ನಿಂದ ಕೊಂಬಿನ ಬಾಚಣಿಗೆ, ಗುಂಡಿ ತರೋ ವ್ಯಾಪಾರಿ ಒಬ್ಬ ನಮ್ಮ ಅಂಗಡಿಗೆ ಬರ್ತಿದ್ದ, ಅವನು ಹೇಳಿದ್ದು. ಒಳಪದರ ಸರಿಯಾಗಿ ಹೆರೆದು ತೆಗೆಯದೆ ಆತುರಕ್ಕೆ ಮಾಡಿದ ಹೊಸ ಹಿಡಿ ಇದ್ದರೆ ಅದರಿಂದ ಹಸಿ ನಾತ ಬರುತ್ತೆ. ಅದಕ್ಕೆ ಒಳಮೈ ಹೆರೆಯೋದು ಬಿಟ್ಟು ಬೇರೆ ದಾರಿಯಿಲ್ಲ. ನಿನ್ನದು ಹಾಗಲ್ಲ, ಹಳೇ ಕೆಲಸ, ಒಳಗೂ ನುಣ್ಣಗಿದೆ.

— ಇನ್ನೊಂದು ಅನುಮಾನ. ಕೊಂಬಿನ ಹಾಗೇ ಕಾಣೋ ಬೇರೆ ವಸ್ತುವೂ ಇರುತ್ತಲ್ಲ?

— ಇರುತ್ತೆ. ಅದನ್ನ ಮೊದಲೇ ಕೇಳಬೇಕಿತ್ತು ನೀನು. ಹೆಬ್ಬೆರಳಲ್ಲಿ ಜೋರಾಗಿ ಉಜ್ಜಿ ತಕ್ಷಣ ಮೂಸು. ಕರ್ಪೂರ ಬಂತಾ?

— ಇಲ್ಲ.

— ಬಂದಿದ್ರೆ ಅದು ಕೊಂಬಲ್ಲ, ಸೆಲ್ಯುಲಾಯ್ಡ್. ನಿನಗೆ ಗೊತ್ತಿರಬೇಕು ಅದು.

— ಗೊತ್ತು. ಹತ್ತಿಯನ್ನ ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ, ಕರ್ಪೂರ ಸೇರಿಸಿ ಮಾಡಿದ್ದು. 1870ರ ಸುಮಾರಿಗೆ ಅಮೆರಿಕದ ಹಯಾಟ್ ಅನ್ನೋರು ಬಿಲಿಯರ್ಡ್ಸ್ ಚೆಂಡಿಗೆ ದಂತದ ಬದಲು ಏನಾದ್ರೂ ಬೇಕು ಅಂತ ಹುಡುಕ್ತಾ ಅದನ್ನ ಬಳಕೆಗೆ ತಂದ್ರು. ಟೇಬಲ್ ಟೆನಿಸ್ ಚೆಂಡು ಮೊನ್ನೆ ಮೊನ್ನೆ 2014ರವರೆಗೂ ಅದರದ್ದೇ.

— ಅದು ಮುದಿಯಾದ್ರೆ ಏನಾಗುತ್ತೆ?

— ಒಡೆಯುತ್ತೆ. ನೈಟ್ರೋಜನ್ ಆಕ್ಸೈಡ್ ಬಿಡುತ್ತೆ, ತೇವ ಸೇರಿದ್ರೆ ಅದೇ ಆಮ್ಲ. ಹುಳಿ ಹುಳಿ ವಾಸನೆ, ಮೂಗಿಗೆ ಚುಚ್ಚುತ್ತೆ.

— ಆ ವಾಸನೆ ಬಂದ ಕತ್ತಿಯನ್ನ ಮಾತ್ರ ನಾನು ಗುಣ ಮಾಡ್ತೀನಿ ಅನ್ನಲ್ಲ. ಅಲಗು ಹಿಡಿಯೊಳಗೆ ಮಡಚಿದ ಕಡೆಯೇ, ಆ ಆಕಾರದಲ್ಲೇ ತುಕ್ಕು ತಿಂದಿರುತ್ತೆ. ಪಕ್ಕದಲ್ಲಿರೋ ಒಳ್ಳೆ ಕತ್ತಿಗೂ ತುಕ್ಕು ಹಿಡಿಸುತ್ತೆ. ಹಿಡಿ ಕಿತ್ತು ಎಸೆದು ಅಲಗು ಉಳಿಸಿಕೊಳ್ಳೋದೇ. ಮತ್ತೆ, ಕೆಲವರು ಕೊಂಬೋ ಅಲ್ಲವೋ ನೋಡೋಕೆ ಸೂಜಿ ಕಾಯಿಸಿ ಚುಚ್ತಾರೆ. ಬೇಡ. ಕೊಂಬಾದ್ರೆ ಕಲೆ ಉಳಿಯುತ್ತೆ, ಸೆಲ್ಯುಲಾಯ್ಡ್ ಆದ್ರೆ ಭಗ್ ಅಂತ ಹತ್ತಿಕೊಳ್ಳುತ್ತೆ.

— ಹಾಲಿನಿಂದ ಮಾಡಿದ ಕೊಂಬೂ ಇದೆ ದೊಡ್ಡಪ್ಪ. ಕೆನೆ ತೆಗೆದ ಹಾಲಿನ ಕೇಸೀನಿಗೆ ಫಾರ್ಮಲಿನ್ ಹಾಕಿ ಗಟ್ಟಿ ಮಾಡ್ತಿದ್ರು, 1899ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಆಯ್ತು. ಗ್ಯಾಲಲಿತ್, ಅಂದ್ರೆ ಹಾಲುಕಲ್ಲು. ಅದು ಸೀದ ಹಾಲಿನ ವಾಸನೆ ಕೊಡುತ್ತೆ.

— ಹಸು ಕೊಂಬೂ ಕೊಡ್ತು, ಹಾಲಿನಿಂದ ಕಳ್ಳ ಕೊಂಬೂ ಕೊಡ್ತು! ಇರಲಿ, ಇದು ನಿಜವಾದ್ದೇ. ಆ ಭೂತಗನ್ನಡಿ ಕೊಡು. ಕೀಲಿನ ಸುತ್ತ ಹಸಿರು ಮೇಣದ ಹಾಗೆ ಕಾಣ್ತಿದೆಯಾ?

— ಹೌದು, ಪಾಚಿ ಥರ.

— ಪಾಚಿಯಲ್ಲ. ನಿಮ್ಮ ತಾತ ಕೀಲಿಗೆ ಬಿಟ್ಟ ಎಣ್ಣೆ. ಕೈಗೆ ಸಿಕ್ಕಿದ ಎಣ್ಣೆ ಬಿಡೋರು, ಕಡಲೇಕಾಯಿದೋ, ಕೊಬ್ಬರಿದೋ.

— ಅರ್ಥ ಆಯ್ತು. ಎಣ್ಣೆ ಗಾಳಿಗೆ ಕೆಟ್ಟು ಹುಳಿಯಾಗುತ್ತೆ, ಕೊಬ್ಬಿನ ಆಮ್ಲ ಹುಟ್ಟುತ್ತೆ. ಕೀಲು ಹಿತ್ತಾಳೆ, ಹಿತ್ತಾಳೆಯೊಳಗೆ ತಾಮ್ರ. ಆಮ್ಲ ತಾಮ್ರ ಸೇರಿ ಹಸಿರು ಸೋಪು. ಕಮಟಿನ ಮನೆ ಸಿಕ್ತು.

— ಕೊಬ್ಬರಿ ಎಣ್ಣೆ ಬೇಗ ಕಮಟಾಗಲ್ಲ, ಕಡಲೇಕಾಯಿದು ಆಗುತ್ತೆ. ಯಾಕೆ?

— ಕೊಬ್ಬರಿ ಎಣ್ಣೆ ನೂರಕ್ಕೆ ತೊಂಬತ್ತು ಭಾಗ ಪರ್ಯಾಪ್ತ ಕೊಬ್ಬು. ಆಮ್ಲಜನಕ ನುಗ್ಗೋಕೆ ಅದರಲ್ಲಿ ಜಾಗ ಕಡಿಮೆ. ಕಡಲೇಕಾಯಿ ಎಣ್ಣೆಯಲ್ಲಿ ಬಾಗಿಲುಗಳು ತೆರೆದಿರ್ತವೆ.

— ಹೊಲಿಗೆ ಯಂತ್ರದ ಎಣ್ಣೆಯಲ್ಲಿ?

— ಅದು ಖನಿಜ ಎಣ್ಣೆ, ಕಮಟಾಗೋ ಕೊಬ್ಬೇ ಅಲ್ಲ.

— ಅದಕ್ಕೇ ನಾನು ಕೀಲಿಗೆ ಬಿಡೋದು ಅದೊಂದೇ, ಸೂಜಿ ತುದಿಯಲ್ಲಿ ಒಂದು ತೊಟ್ಟು.

— ಕೊಂಬಿನ ಮೇಲೆ? ಹೊರದೇಶದ ಹವ್ಯಾಸಿಗಳು ದನದ ಕಾಲುಮೂಳೆಯಿಂದ ತೆಗೆದ ಒಂದು ಎಣ್ಣೆಯಲ್ಲಿ ಒಣಗಿದ ಕೊಂಬನ್ನ ದಿನಗಟ್ಟಲೆ ಮುಳುಗಿಸಿಡ್ತಾರಂತೆ.

— ಬಿರುಕು ಬಿಡೋ ಹಾಗೆ ಒಣಗಿದ್ದರೆ ಒರೆಸಿ ನೋಡಬಹುದು, ಮುಳುಗಿಸೋದು ನನಗೆ ಒಪ್ಪಲ್ಲ. ಅದೂ ಕೊಬ್ಬೇ ತಾನೆ? ಇವತ್ತು ಹೊಳಪು, ಐದು ವರ್ಷಕ್ಕೆ ಕಮಟು. ವಾಸನೆ ಬಿಡಿಸೋಕೆ ಬಂದವಳ ಕೈಗೆ ವಾಸನೆ ಬೀಜ ಕೊಟ್ಟ ಹಾಗೆ. ರೈತರು ಎತ್ತಿಗೆ ಹರಳೆಣ್ಣೆ ಹಚ್ಚಿದ್ರೆ ಅದು ಬೇರೆ ಮಾತು, ಬಿಸಿಲು ಮಳೆಗೆ ತೊಳೆದುಹೋಗುತ್ತೆ, ವರ್ಷಕ್ಕೊಮ್ಮೆ ಮತ್ತೆ ಹೆರೀತಾರೆ. ಕತ್ತಿ ಹಿಡಿಗೆ ನಾನು ಹಚ್ಚೋದು ಜೇನುಮೇಣ, ಉಗುರಿನಷ್ಟು. ಹಚ್ಚಿ ಒಣಬಟ್ಟೆಯಲ್ಲಿ ತಿಕ್ಕಿ ತಿಕ್ಕಿ, ಏನೂ ಉಳಿದಿಲ್ಲ ಅನ್ನೋವರೆಗೆ.

— ಅರಗು? ಚನ್ನಪಟ್ಟಣದ ಬೊಂಬೆಗೆ ಹಾಕ್ತಾರಲ್ಲ.

— ಚೆನ್ನಾಗಿ ಮುಚ್ಚುತ್ತೆ, ನೋಡೋಕೂ ಚಂದ. ಕಪಾಟಿನಲ್ಲಿಡೋ ಕತ್ತಿಗೆ ಹಾಕು. ಕೆಲಸದ ಕತ್ತಿಗೆ ಬೇಡ. ಗಿರಾಕಿ ಕೆನ್ನೆಗೆ ಹಚ್ಚೋ ಲೋಷನ್ನಲ್ಲಿ ಸ್ಪಿರಿಟ್ ಇರುತ್ತೆ, ಅರಗು ಕರಗೋದೇ ಸ್ಪಿರಿಟ್ಟಿನಲ್ಲಿ. ಅಂಟಂಟಾಗುತ್ತೆ.

— ಈಗ ಶುಚಿ ಮಾಡೋದು ಹೇಗೆ? ಕೀಲು ಬಿಚ್ಚಬೇಕಾ?

— ಬಿಚ್ಚೋದು ಅಂದ್ರೆ ಹಿತ್ತಾಳೆ ಕಡ್ಡಿಯ ತಲೆ ಅರದಿಂದ ತೇಯ್ದು ಹೊಡೆದು ತೆಗೆಯೋದು. ಮತ್ತೆ ಕೂರಿಸುವಾಗ ಸುತ್ತಿಗೆಯ ಒಂದು ಏಟು ಹೆಚ್ಚಾದ್ರೆ ನೂರು ವರ್ಷದ ಕೊಂಬು ಸೀಳಿಹೋಗುತ್ತೆ. ಬೇರೆ ದಾರಿ ಇಲ್ಲ ಅಂದಾಗ ನೋಡೋಣ. ನೀನು ಕೂತು ಮಾಡು, ನಾನು ಹೇಳ್ತೀನಿ. ಮೊದಲು ಅಲಗಿಗೆ ಬಟ್ಟೆ ಸುತ್ತು. ಆ ಬಿದಿರು ಕಡ್ಡಿ ಚಪ್ಪಟೆ ಮಾಡಿ, ತುದಿಗೆ ಹತ್ತಿ ಸುತ್ತಿ, ಗಾಯ ಒರೆಸೋ ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡು. ತೊಟ್ಟಿಕ್ಕಬಾರದು. ಹಸಿರು ಜಿಡ್ಡಿನ ಮೇಲೆ ಉಜ್ಜು.

— ಬರ್ತಿದೆ. ಅಬ್ಬಾ, ಏನು ಕಮಟು!

— ಬರಲಿ, ಅದು ಬರೋಕೇ ಮಾಡ್ತಿರೋದು. ಹತ್ತಿ ಬದಲಾಯಿಸು. ಹತ್ತಿ ಬೆಳ್ಳಗೇ ಉಳಿಯೋವರೆಗೆ.

ಹದಿನಾಲ್ಕು ಸಲ ಬದಲಾಯಿಸಿದೆ. ಆ ಹೊತ್ತಿನಲ್ಲಿ ದೊಡ್ಡಪ್ಪ ಎರಡು ಲೋಟ ಕಾಫಿ ಕುಡಿದು, ತಮ್ಮ ಅಂಗಡಿಯ ಕೊಂಬಿನ ಕತ್ತಿಗಳೆಲ್ಲ ಎಲ್ಲಿ ಹೋದವೆಂದು ಹೇಳಿದರು. 1986ರಲ್ಲಿ ಮದ್ರಾಸಿನಲ್ಲಿ ಎಚ್‌ಐವಿ ಪತ್ತೆಯಾದದ್ದು, ಆಮೇಲೆ ಕೆಲವೇ ವರ್ಷಗಳಲ್ಲಿ ಗಿರಾಕಿಗಳು ‘ಹೊಸ ಬ್ಲೇಡು ಹಾಕಪ್ಪ’ ಎನ್ನತೊಡಗಿದ್ದು, ಬ್ಲೇಡನ್ನು ಎರಡಾಗಿ ಮುರಿದು ಸಿಕ್ಕಿಸುವ ಕತ್ತಿ ಬಂದದ್ದು. ಅದರ ಪ್ಲಾಸ್ಟಿಕ್ ಹಿಡಿಯನ್ನು ಡೆಟಾಲಿನಲ್ಲಿ ದಿನವಿಡೀ ಮುಳುಗಿಸಿಟ್ಟರೂ ಏನೂ ಆಗುವುದಿಲ್ಲ. ‘ಒಳ್ಳೇದೇ ಆಯ್ತು’ ಅಂದರು. ‘ಕೊಂಬಿನ ಹಿಡಿ ಒಬ್ಬ ಮನುಷ್ಯನ ಒಂದು ಮುಖಕ್ಕೆ ಸರಿ. ದಿನಕ್ಕೆ ನಲವತ್ತು ಮುಖಕ್ಕೆ ಅಲ್ಲ.’

— ಕಮಟು ಹೋಯ್ತು ದೊಡ್ಡಪ್ಪ. ಈಗ ಬೆಣೆ ಸಂದು.

— ಅಲ್ಲಿ ಸೋಪಿನ ಹೊಪ್ಪಳೆ, ಸತ್ತ ಚರ್ಮ, ಕೂದಲ ಚೂರು ಎಲ್ಲಾ ಸೇರಿ ಗಾರೆ ಹಾಕಿದ ಹಾಗಿರುತ್ತೆ. ಆ ಗಾರೆಗೆ ನೀನು ನೀರು ಕುಡಿಸಿದೆ, ಬೂಷ್ಟು ಬಂತು. ದಪ್ಪ ನೂಲನ್ನ ಉಗುರು ಬೆಚ್ಚಗಿನ ಸೋಪಿನ ನೀರಲ್ಲಿ ಅದ್ದಿ ಹಿಂಡಿ, ಸಂದಿನಲ್ಲಿ ಹಲ್ಲು ಉಜ್ಜಿದ ಹಾಗೆ ಆಚೆ ಈಚೆ ಎಳಿ. ಆಮೇಲೆ ಸ್ಪಿರಿಟ್ಟಿನ ನೂಲು ಒಂದು ಸಲ. ಆಮೇಲೆ ಒಣ ನೂಲು. ನೆನೆಸೋ ಮಾತೇ ಇಲ್ಲ.

— ಆಯ್ತು. ಬಿಸಿಲಿಗೆ ಇಡಲಾ?

— ಬಾಗಿದ್ದು ಸಾಲದಾ? ನೆರಳಲ್ಲಿ, ಕತ್ತಿ ಅರ್ಧ ತೆರೆದು, ಗಾಳಿ ಆಡೋ ಹಾಗೆ ಮೂರು ದಿನ. ಮಕ್ಕಳ ಕೈಗೆ ಸಿಗದ ಹಾಗೆ. ಆಮೇಲೆ ಒಂದು ಡಬ್ಬಿ ತಗೊ. ಒಳಗೆ ಒಂದು ಬಟ್ಟಲಲ್ಲಿ ಅಡುಗೆ ಸೋಡಾ, ಇನ್ನೊಂದರಲ್ಲಿ ಜಜ್ಜಿದ ಇದ್ದಿಲು. ಕತ್ತಿ ಅವಕ್ಕೆ ತಾಗಬಾರದು. ಅಲಗಿಗೆ ತೆಳ್ಳಗೆ ಯಂತ್ರದ ಎಣ್ಣೆ. ಮುಚ್ಚಿ ಹದಿನೈದು ದಿನ ಮರೆತುಬಿಡು.

— ಸೋಡಾ ಹುಳಿ ವಾಸನೆಗಳನ್ನ ಹಿಡಿಯುತ್ತೆ, ಇದ್ದಿಲು ಉಳಿದದ್ದನ್ನ ತನ್ನ ತೂತುಗಳಲ್ಲಿ ಕೂರಿಸಿಕೊಳ್ಳುತ್ತೆ. ಸಿಲಿಕಾ ಜೆಲ್ ಪೊಟ್ಟಣ ಹಾಕಲಾ?

— ಅದು ಕೊಂಬಿನಲ್ಲಿರೋ ತೇವವನ್ನೂ ಎಳೆದುಬಿಡುತ್ತೆ, ಬಿರುಕು ಬರುತ್ತೆ. ಡಾಂಬರು ಗುಳಿಗೆಯೂ ಬೇಡ. ಆ ವಾಸನೆ ಒಮ್ಮೆ ಕೂತರೆ ತಿಂಗಳಾನುಗಟ್ಟಲೆ ಹೋಗಲ್ಲ. ಎಲ್ಲಿ, ಇನ್ನೊಂದು ಸಲ ಬೆಳಕಿಗೆ ಹಿಡಿ. ಬೆಣೆ ಹತ್ರ ಈ ಕಾಲುವೆ ಥರ ಕೊರೆದಿರೋದು ಏನು?

— ಅದು ತಾತ ಗುರುತಿಗೆ ಗೀಚಿದ್ದಿರಬೇಕು ಅಂದುಕೊಂಡಿದ್ದೆ.

— ಗೀಚಿದ್ದು ನೇರವಾಗಿರುತ್ತಮ್ಮ. ಇದು ಹುಳು ಮೆಂದದ್ದು. ಅಂಚು ನೋಡು, ತೆಳ್ಳಗೆ ಬಿಳಿ. ಹಳೇದಲ್ಲ.

— ಹೌದು! ಕೆರಟಿನ್ ಅರಗಿಸಿಕೊಳ್ಳೋ ಜೀವಿಗಳೇ ಕಡಿಮೆ. ಬಟ್ಟೆ ಹುಳ, ಕಾರ್ಪೆಟ್ ಬೀಟಲ್ಲಿನ ಮರಿ, ಇಂಥವು. ಆಫ್ರಿಕಾದಲ್ಲಿ ಸತ್ತ ಜಿಂಕೆಗಳ ಕೊಂಬನ್ನೇ ತಿಂದು ಬದುಕೋ ಒಂದು ಪತಂಗವೇ ಇದೆ. ನಮ್ಮ ಮನೆಯವಕ್ಕೆ ಉಣ್ಣೆ, ಗರಿ, ಕೂದಲು, ಕೊಂಬು, ಚರ್ಮ, ರೇಷ್ಮೆ, ಪ್ರಾಣಿಯಿಂದ ಬಂದದ್ದು ಯಾವುದಾದ್ರೂ ಆಗುತ್ತೆ.

— ಕತ್ತಿ ಯಾವುದರಲ್ಲಿತ್ತು?

— ತಾತನ ಹಡಪದಲ್ಲಿ. ಆ ಚರ್ಮದ ಚೀಲ, ಒಳಗೆ ಕಂಬಳಿ ತುಂಡಿನ ಅಸ್ತರಿ.

— ತೊಳೆದ ಮೇಲೆ ಎಲ್ಲಿ ಇಡ್ತಿದ್ದೆ?

— ಅದರಲ್ಲೇ. ತಾತನದಲ್ಲವಾ ಅಂತ.

— ಮೂರು ತಿಂಗಳು ತೊಳೆದು ತೊಳೆದು ಅದೇ ಚೀಲಕ್ಕೆ ಹಾಕ್ತಿದ್ದೆ.

— ...ಹೌದು.

— ಚೀಲದ ತಳದಲ್ಲಿ ಏನಾದ್ರೂ ಇತ್ತಾ?

— ಸಣ್ಣ ಸಣ್ಣ ಕಂದು ಕೂದಲಿನ ಗಂಟುಗಳು. ಒಣಗಿದ್ದು, ಹಗುರ. ತಾತನ ಗಡ್ಡದ ಕೂದಲಿರಬೇಕು ಅಂತ ಎಸೆಯೋಕೆ ಮನಸ್ಸು ಬರಲಿಲ್ಲ. ಒಂದು ಕಾಗದದಲ್ಲಿ ಕಟ್ಟಿ ಅದರಲ್ಲೇ ಇಟ್ಟೆ.

— ನಿಮ್ಮ ತಾತನಿಗೆ ಗಡ್ಡ ಪೂರ್ತಿ ಬೆಳ್ಳಗಿತ್ತು.

— ಅಂದ್ರೆ...

— ಹುಳದ ಪೊರೆ. ಬೆಳೀತಾ ಬೆಳೀತಾ ಕಳಚುತ್ತೆ. ಮೈಮೇಲೆಲ್ಲ ರೋಮ ಇರೋ ಹುಳ ಅದು.

— ಅಯ್ಯೋ. ಸರಿ, ಅದಕ್ಕೆ ದಾರಿ ಇದೆ. ಪಾಲಿಥಿನ್ ಕವರಿನಲ್ಲಿ ಗಾಳಿ ಹೊರಡಿಸಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಮೊಟ್ಟೆ ಸಮೇತ ಸಾಯುತ್ತೆ. ವಸ್ತುಸಂಗ್ರಹಾಲಯದವರೂ ಹೀಗೇ ಮಾಡ್ತಾರೆ. ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬಾರದು, ಬಿಚ್ಚಿದ್ರೆ ತಣ್ಣನೆ ಚರ್ಮದ ಮೇಲೆ ನೀರು ಕೂರುತ್ತೆ. ಅಮ್ಮ ಫ್ರಿಜ್ಜಿಗೆ ಚರ್ಮದ ಚೀಲ ಬಿಡ್ತಾರಾ ಅನ್ನೋದೇ ಪ್ರಶ್ನೆ.

— ಚೀಲ ಈಗ ಎಲ್ಲಿದೆ?

— ಅಮ್ಮನ ಬೀರುವಿನಲ್ಲಿ. ಅಟ್ಟದಲ್ಲಿಟ್ಟರೆ ಮತ್ತೆ ಮುಗ್ಗಲು ಬರುತ್ತೆ ಅಂತ ನಾನೇ ಇಟ್ಟೆ.

— ಬೀರುವಿನಲ್ಲಿ ಎಲ್ಲಿ?

— ಕೆಳಗಿನ ಅರೆಯಲ್ಲಿ. ಅಮ್ಮನ ಧಾರೆ ಸೀರೆ ಪಕ್ಕ.

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

— ದೊಡ್ಡಪ್ಪ?

— ಫೋನ್ ಮಾಡು. ಕತ್ತಿ ಇಲ್ಲಿ ಕೊಟ್ಟು ಮಾಡು.